ನಮ್ಮ ಮಳೆ ಹೇಳಲು ಹೊರದೇಶದವರೇಕೆ ಬೇಕು?

ಹವಾಮಾನ ಮಾದರಿಗಳ (ಗಾಳಿ, ಕಡಲು, ಮಳೆಯನ್ನು ಲೆಕ್ಕಹಾಕುವ ಕಂಪ್ಯೂಟರ್ ತಂತ್ರಾಂಶಗಳ) ಮೇಲೆ ಕೆಲಸ ಮಾಡುವವನು ಎಂದು ತಿಳಿದ ಕೂಡಲೇ ನೆಂಟರು, ಹಳೆಯ ಸಹಪಾಠಿಗಳು, ಊರಿನ ರೈತರು ಎಲ್ಲರೂ ಕೇಳುವುದು ಇದನ್ನೇ: ಸೂಪರ್ ಕಂಪ್ಯೂಟರ್ ನಮ್ಮಲ್ಲಿದೆ, ಉಪಗ್ರಹಗಳಿವೆ, ಆದರೂ ನಮ್ಮ ಮುಂಗಾರಿನ ಮುನ್ಸೂಚನೆಗೆ ಅಮೆರಿಕ, ಜಪಾನ್, ಬ್ರಿಟನ್‌ಗಳ ಹಂಗೇಕೆ?

ನಮ್ಮ ಮಳೆಯನ್ನು ಆಡಿಸುವ ಕಡಲು ನಮ್ಮ ಗಡಿಯೊಳಗಿಲ್ಲ, ಅದಕ್ಕೆ. 2023ರಲ್ಲಿ ಪೆಸಿಫಿಕ್ ಸಾಗರದ ನಡುಪಟ್ಟಿಯ ನೀರು ಕಾದು ಎಲ್ ನಿನೊ ತಲೆಯೆತ್ತಿತು. ಆ ವರ್ಷದ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಹಾಗೆಂದು ಎಲ್ ನಿನೊ ಬಂದಾಗಲೆಲ್ಲ ಮಳೆ ಕೈಕೊಡುತ್ತದೆಯೇ? 1997ರ ಎಲ್ ನಿನೊ ಶತಮಾನದ ಅತಿ ಪ್ರಬಲವಾದವುಗಳಲ್ಲೊಂದು, ಆದರೂ ಆ ಸಲ ಮುಂಗಾರು ಸೋಲಲಿಲ್ಲ. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಕಾದು ಪೂರ್ವ ಭಾಗ ತಣ್ಣಗಾಗುವ ಏರುಪೇರೊಂದಿದೆ ಎಂದು 1999ರಲ್ಲಿ ಭಾರತೀಯ ವಿಜ್ಞಾನಿಗಳಾದ ಸಾಜಿ, ಗೋಸ್ವಾಮಿ, ವಿನಯಚಂದ್ರನ್ ಮತ್ತು ಜಪಾನಿನ ಯಮಗಾಟಾ ಸೇರಿ ತೋರಿಸಿದ ಮೇಲೆ ಆ ಒಗಟು ಬಿಡತೊಡಗಿತು: 1997ರಲ್ಲಿ ಈ ಏರುಪೇರು ಎಲ್ ನಿನೊದ ಪೆಟ್ಟನ್ನು ತಗ್ಗಿಸಿತ್ತು.

ಕಂಪ್ಯೂಟರ್ ಎಷ್ಟೇ ದೊಡ್ಡದಿರಲಿ, ಇಂದಿನ ಕಡಲು ಹೇಗಿದೆ ಎಂದು ತಿಳಿಯದೆ ನಾಳಿನದನ್ನು ಹೇಳಲಾರದು. ಉಪಗ್ರಹಕ್ಕೆ ಕಾಣುವುದು ನೀರಿನ ಮೇಲ್ಮೈ ಮಾತ್ರ. ಅದೂ ಮೋಸ ಹೋಗಬಹುದು: 1982ರಲ್ಲಿ ಮೆಕ್ಸಿಕೊದ ಎಲ್ ಚಿಚೊನ್ ಜ್ವಾಲಾಮುಖಿಯ ಕಣಗಳು ಉಪಗ್ರಹದ ಲೆಕ್ಕ ತಪ್ಪಿಸಿದ್ದರಿಂದ, ಭಾರಿ ಎಲ್ ನಿನೊ ಬೆಳೆಯುತ್ತಿದ್ದರೂ ವಿಜ್ಞಾನಿಗಳು ತಿಂಗಳುಗಟ್ಟಲೆ ಅದನ್ನು ಗುರುತಿಸಲಿಲ್ಲ. ಆ ಪೆಟ್ಟಿನ ನಂತರವೇ ಹಲವು ದೇಶಗಳು ಕೂಡಿ ಪೆಸಿಫಿಕ್‌ನಲ್ಲಿ ಸುಮಾರು 70 ತೇಲುಮಾಪಕಗಳನ್ನು ನಿಲ್ಲಿಸಿದವು. ಕಡಲ ತಳದಲ್ಲಿ ಲಂಗರು, ಅಲ್ಲಿಂದ ಮೇಲಕ್ಕೆ ಹಗ್ಗ, ಅದರ ಉದ್ದಕ್ಕೆ 500 ಮೀಟರ್ ಆಳದವರೆಗೆ ಉಷ್ಣಮಾಪಕಗಳು. ಇವುಗಳ ನೆರಳಿಗೆ ಟ್ಯೂನಾ ಮೀನು ಸೇರುತ್ತದೆ, ಮೀನಿನ ಬೆನ್ನಿಗೆ ದೋಣಿಗಳು ಬರುತ್ತವೆ, ಬಲೆ ಸಿಕ್ಕಿಕೊಂಡು ಉಪಕರಣ ಹಾಳಾಗುತ್ತದೆ. ಹಡಗು ಹೋಗಿ ದುರಸ್ತಿ ಮಾಡುತ್ತಲೇ ಇರಬೇಕು. 2012ರಲ್ಲಿ ಅಮೆರಿಕ ಆ ಕೆಲಸದ ಹಡಗನ್ನು ನಿಲ್ಲಿಸಿತು. ಎರಡೇ ವರ್ಷದಲ್ಲಿ ದತ್ತಾಂಶ ಅರ್ಧಕ್ಕಿಂತ ಕೆಳಗಿಳಿಯಿತು. ಒಂದೇ ದೇಶವನ್ನು ನೆಚ್ಚಿಕೊಂಡರೆ ಆಗುವುದು ಇದೇ.

ಮಾದರಿಯ ಕಥೆಯೂ ಹೀಗೆಯೇ. ಮಳೆ ಮುನ್ಸೂಚನೆಯನ್ನು ಸುಧಾರಿಸಲು 2012ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮುಂಗಾರು ಮಿಷನ್‌ಗೆ ಪುಣೆಯ ವಿಜ್ಞಾನಿಗಳು ಅಮೆರಿಕದ ಮಾದರಿಯನ್ನೇ ಆಧಾರವಾಗಿ ತೆಗೆದುಕೊಂಡರು. ಅದು ಭಾರತದ ನೆಲದ ಮೇಲೆ ನಿಜಕ್ಕಿಂತ ಕಡಿಮೆ ಮಳೆ ತೋರಿಸುತ್ತಿತ್ತು. ಇಂಥ ತಪ್ಪನ್ನು ತಿದ್ದಲು ನಮ್ಮ ಕಡಲಿಗೇ ಇಳಿಯಬೇಕು. 2016ರ ಮಳೆಗಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದವರು 'ಸಿಂಧು ಸಾಧನಾ' ಹಡಗಿನಲ್ಲಿ ಬಂಗಾಳಕೊಲ್ಲಿಗೆ ಹೋದರು. ಹಡಗು ನಮ್ಮದು, ನೀರೊಳಗೆ ತಾವೇ ಈಜಿ ಅಳೆಯುವ ಗ್ಲೈಡರ್‌ಗಳು ಅವರವು. ಕೊಲ್ಲಿಯ ಮೇಲ್ಪದರದಲ್ಲಿ ನದಿ ಮತ್ತು ಮಳೆಯ ಸಿಹಿನೀರು ತೆಳ್ಳಗೆ ಹರಡಿರುತ್ತದೆ. ಅದು ಕೆಳಗಿನ ಉಪ್ಪುನೀರಿನೊಂದಿಗೆ ಸುಲಭವಾಗಿ ಬೆರೆಯದ ಕಾರಣ ಬಿಸಿಲಿನ ಕಾವು ಮೇಲೆಯೇ ಉಳಿದು ಮೋಡ ಕಟ್ಟಲು ನೆರವಾಗುತ್ತದೆ. ಈ ಪದರ ತಪ್ಪಾದರೆ ಮಾದರಿಯ ಮಳೆಯೂ ತಪ್ಪುತ್ತದೆ.

ಹಾಗಾಗಿ ಇದು ಯಾರ ಹಂಗೂ ಅಲ್ಲ. ಹಿಂದೂ ಮಹಾಸಾಗರದ ಮಾಪಕಜಾಲಕ್ಕೆ ಅಮೆರಿಕ ಉಪಕರಣ ಕೊಟ್ಟರೆ ಭಾರತ ಹಡಗು ಕೊಡುತ್ತದೆ, ಅಳೆದದ್ದು ಎಲ್ಲರಿಗೂ ಸಿಗುತ್ತದೆ. ಆ ಹಡಗಿನ ದಿನಗಳಿಗೆ ನಾವು ಇನ್ನೂ ಹೆಚ್ಚು ಹಣ ಇಡಬೇಕು ಎನ್ನುವುದೇ ನನ್ನ ವಾದ.