ಬ್ಯಾಡಗಿ ಖಾರದ ಪುಡಿ ಮತ್ತು ತಂಗಳು ರೊಟ್ಟಿ

ನಮ್ಮ ಅಡುಗೆಮನೆಯಲ್ಲಿ ಖಾರದ ಪುಡಿಯ ಡಬ್ಬಿಗಳು ಎರಡು: ಒಂದರಲ್ಲಿ ಬ್ಯಾಡಗಿ ಮೆಣಸಿನಕಾಯಿಯದು, ಇನ್ನೊಂದರಲ್ಲಿ ಗುಂಟೂರಿನದು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ, 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಸುಕ್ಕುಗಟ್ಟಿದ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಆದ್ದರಿಂದ ಮೂರು ಪಾಲು ಬ್ಯಾಡಗಿಗೆ ಒಂದು ಪಾಲು ಗುಂಟೂರು ಬೆರೆಸಿದರೆ ನಾಲಿಗೆ ಸುಡದೆ ಪಲ್ಯ ಕೆಂಪೇರುತ್ತದೆ.

ಮಿಕ್ಕಿ ತಂಗಳಾದ ಅಡುಗೆಗೆ ಈ ಪುಡಿಯಷ್ಟು ನೆರವಾಗುವ ವಸ್ತು ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಹಿಂದಿನ ದಿನದ ನಾಲ್ಕು ಜೋಳದ ರೊಟ್ಟಿಗಳನ್ನು ಮುರಿದು, ಅರ್ಧ ಲೋಟ ಹುಳಿ ಮಜ್ಜಿಗೆ ಚಿಮುಕಿಸಿ 10 ನಿಮಿಷ ಬಿಡುತ್ತೇನೆ. ಶೇಂಗಾ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು ಹಾಕಿ, ಈರುಳ್ಳಿ ಬಾಡಿದ ಮೇಲೆ ಉರಿಯನ್ನು ಪೂರ್ತಿ ತಗ್ಗಿಸಿ ಒಂದು ಚಮಚ ಖಾರದ ಪುಡಿ ಸೇರಿಸಬೇಕು. ಮೆಣಸಿನಕಾಯಿಯ ಬಣ್ಣವೂ ಖಾರವೂ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ. ಆದರೆ ಎಣ್ಣೆ ಹೊಗೆಯಾಡುವಷ್ಟು ಕಾದಿದ್ದರೆ ಪುಡಿ ಕ್ಷಣಾರ್ಧದಲ್ಲಿ ಕಪ್ಪಾಗಿ ಕಹಿಯಾಗುತ್ತದೆ. ಮೊದಮೊದಲು ಈ ತಪ್ಪಿನಿಂದಾಗಿ ಇಡೀ ಒಗ್ಗರಣೆಯನ್ನೇ ಚೆಲ್ಲಿದ್ದುಂಟು. ನಂತರ ರೊಟ್ಟಿ ಬೆರೆಸಿ, ಮುಚ್ಚಿ, ಮೂರು ನಿಮಿಷ ಹಬೆಯಲ್ಲಿ ಬಿಟ್ಟು, ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿದರೆ, ನಮ್ಮ ಮನೆಯಲ್ಲಿ ಬಿಸಿ ರೊಟ್ಟಿಗಿಂತ ಇದನ್ನೇ ಕೇಳಿ ಬಡಿಸಿಕೊಳ್ಳುತ್ತಾರೆ.

ಅನ್ನದ ವಿಷಯ ಬೇರೆ. ಬಿಸಿಯಾರಿದ ಕೂಡಲೇ ಫ್ರಿಜ್‌ಗೆ ಸೇರಿದ ಅನ್ನವನ್ನು ಮಾತ್ರ ಮರುದಿನ ಚಿತ್ರಾನ್ನಕ್ಕೆ ಬಳಸುತ್ತೇನೆ. ರಾತ್ರಿಯಿಡೀ ಹೊರಗೇ ಉಳಿದ ಅನ್ನದಲ್ಲಿ ಬ್ಯಾಕ್ಟೀರಿಯಾ ಬೆಳೆದು ವಿಷವನ್ನು ಉಂಟುಮಾಡಬಹುದು. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.