ಬರೋದು ಚೂರು, ಹೋಗೋದು ಪೂರ್ತಿ

"ಮೇಡಂ, ಸೇವ್ ಒತ್ತಿದ್ರೆ ಸುಮ್ನೆ ಸುತ್ತುತ್ತೆ. ಆಮೇಲೆ ನಿಂತುಬಿಡುತ್ತೆ. ಆಯ್ತು ಅಂತಾನೂ ಹೇಳಲ್ಲ, ಆಗಲಿಲ್ಲ ಅಂತಾನೂ ಹೇಳಲ್ಲ."

2012ರ ಜನವರಿ 12, ಗುರುವಾರ. ಬೆಳಿಗ್ಗೆ ಹತ್ತೂಕಾಲು. ಫೋನ್ ಮಾಡಿದವರು ಹಳೇ ಮೈಸೂರು ಭಾಗದ ಒಂದು ಹಳ್ಳಿಯ ಡೈರಿ ಸೆಕ್ರೆಟರಿ. ಹಿಂದೆ ಯಾರೋ ಕ್ಯಾನು ತೊಳೆಯುತ್ತಿದ್ದ ಸದ್ದು ಕೇಳುತ್ತಿತ್ತು. ಅವರ ಸಂಘದಲ್ಲಿ ಹಾಲು ಹಾಕುವವರು 268 ಜನ. ಮರುದಿನ ಶುಕ್ರವಾರ ಬಟವಾಡೆ. ಸಂಕ್ರಾಂತಿಗೆ ಇನ್ನು ಮೂರೇ ದಿನ.

ಹಬ್ಬದ ವಾರದ ಬಟವಾಡೆ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮಮ್ಮ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿಯೇ ನನ್ನ ಕಾಲೇಜು ಫೀಸು ಕಟ್ಟಿದ್ದು. ಅಡುಗೆಮನೆ ಗೂಡಿನಲ್ಲಿ ಅವಳ ಹಾಲಿನ ಕಾರ್ಡು ಇರುತ್ತಿತ್ತು. ಬೆಳಿಗ್ಗೆ ಎಷ್ಟು, ಸಂಜೆ ಎಷ್ಟು ಅಂತ ಎರಡು ಸಾಲು. ವಾರದ ಕೊನೆಗೆ ಫೀಡಿನ ಮೂಟೆ ದುಡ್ಡು ಮುರಿದುಕೊಂಡು ಉಳಿದದ್ದು ಕೈಗೆ. ನಾನು ಕೆಲಸಕ್ಕಿದ್ದ ಬೆಂಗಳೂರಿನ ಸಣ್ಣ ಕಂಪನಿ ಇಂಥ ಸಂಘಗಳ ಲೆಕ್ಕಕ್ಕೆ ವೆಬ್ ಅಪ್ಲಿಕೇಷನ್ ಮಾಡಿಕೊಡುತ್ತಿತ್ತು. ಬಟವಾಡೆ ಪುಟ ಬರೆದವಳು ನಾನೇ.

ಅದು ಎಎಸ್‌ಪಿ ಡಾಟ್ ನೆಟ್‌ನಲ್ಲಿ, ಅಂದರೆ ವೆಬ್ ಪುಟ ಕಟ್ಟಲು ಮೈಕ್ರೋಸಾಫ್ಟ್ ಕೊಟ್ಟ ಸಲಕರಣೆಯಲ್ಲಿ, ಮಾಡಿದ ಪುಟ. ಒಬ್ಬೊಬ್ಬ ಸದಸ್ಯರಿಗೆ ಒಂದೊಂದು ಸಾಲು. ಸಾಲಿನಲ್ಲಿ ಫೀಡಿನ ಬಾಕಿ, ಸಾಲದ ಕಂತು, ಇತರೆ ಕಡಿತ, ಹೀಗೆ ಮೂರು ಪೆಟ್ಟಿಗೆ. ಕಣ್ಣಿಗೆ ಕಾಣದ ಹಾಗೆ ಸದಸ್ಯರ ಗುರುತಿನ ಸಂಖ್ಯೆ ಇನ್ನೊಂದು. ಇಡೀ ಪಟ್ಟಿ ಒಂದು ಅಪ್‌ಡೇಟ್‌ಪ್ಯಾನೆಲ್ ಒಳಗಿತ್ತು, ಅಂದರೆ ಪುಟದಲ್ಲಿ ತಾನೊಂದೇ ಬದಲಾಗಬಲ್ಲ ಚೌಕಟ್ಟಿನೊಳಗೆ. 2007ರಲ್ಲಿ ಮೈಕ್ರೋಸಾಫ್ಟ್‌ನವರು ಅಜಾಕ್ಸ್ ಕಟ್ಟನ್ನು ಕೊಟ್ಟಾಗಿನಿಂದ ನಮ್ಮಂಥವರಿಗೆಲ್ಲ ಅದು ಅಚ್ಚುಮೆಚ್ಚು. ಮೊದಲು ಒಂದು ಬಟನ್ ಒತ್ತಿದರೆ ಇಡೀ ಪುಟ ಬಿಳಿಯಾಗಿ ಮತ್ತೆ ಬರುತ್ತಿತ್ತು. ಈಗ ಬದಲಾಗಬೇಕಾದ ಚೂರು ಮಾತ್ರ ಬರುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಆಗ ಹಳ್ಳಿಯಲ್ಲಿ ಯುಎಸ್‌ಬಿ ಡಾಟಾ ಕಾರ್ಡ್ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದವರಿಗೆ ಇದು ದೊಡ್ಡ ಉಪಕಾರವೇ ಆಗಿತ್ತು.

ಆದರೆ ಇದರಲ್ಲಿ ಒಂದು ಕೊರತೆ ಇದೆ. ಇಡೀ ಪುಟ ಹೋಗಿ ಬರುವಾಗ ಸರ್ವರ್‌ನಲ್ಲಿ ಎಡವಟ್ಟಾದರೆ ದೊಡ್ಡ ದೋಷದ ಪುಟ ಎದುರಿಗೆ ನಿಲ್ಲುತ್ತದೆ. ಭಾಗಶಃ ಅಪ್‌ಡೇಟ್‌ನಲ್ಲಿ ಎಡವಟ್ಟಾದರೆ ಪುಟ ಹೇಗಿತ್ತೋ ಹಾಗೇ ಕೂತಿರುತ್ತದೆ. ಎಲ್ಲ ಸರಿ ಇದೆ ಅನ್ನೋ ಮುಖ ಮಾಡಿಕೊಂಡು.

"ಅಣ್ಣಾ, ಕೆಳಗಡೆ ಎಡಗಡೆ ಮೂಲೇಲಿ ಹಳದಿ ತ್ರಿಕೋನ ಏನಾದ್ರೂ ಇದೆಯಾ?" ಅಂತ ಕೇಳಿದೆ. ಆಗ ಅಲ್ಲೆಲ್ಲ ಇಂಟರ್ನೆಟ್ ಎಕ್ಸ್‌ಪ್ಲೋರರ್ 8 ಇತ್ತು.

"ಇದೆ. ಆಶ್ಚರ್ಯ ಚಿಹ್ನೆ ಹಾಕವ್ರೆ."

"ಅದರ ಮೇಲೆ ಎರಡು ಸಲ ಒತ್ತಿ, ಬಂದದ್ದನ್ನ ಓದಿ."

ಅವರು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಎರಡು ನಿಮಿಷ ಹಿಡಿಯಿತು. ಪೇಜ್ ರಿಕ್ವೆಸ್ಟ್ ಮ್ಯಾನೇಜರ್, ಸರ್ವರ್ ಎರರ್, ಸ್ಟೇಟಸ್ ಕೋಡ್ 500. ಪೇಜ್ ರಿಕ್ವೆಸ್ಟ್ ಮ್ಯಾನೇಜರ್ ಅಂದರೆ ಬ್ರೌಸರ್ ಒಳಗೆ ಭಾಗಶಃ ಅಪ್‌ಡೇಟ್ ನಡೆಸುವ ಕೋಡ್. ಸರ್ವರ್ ಒಳಗೆ ಏನೋ ಆಗಿದೆ ಅನ್ನೋದನ್ನು ಬಿಟ್ಟರೆ 500 ಬೇರೆ ಏನನ್ನೂ ಹೇಳುವುದಿಲ್ಲ.

ಮೊದಲು ಹೊಳೆದದ್ದು ನೆಟ್‌ವರ್ಕ್ ನಿಧಾನ ಅಂತ. ಭಾಗಶಃ ಅಪ್‌ಡೇಟ್ 90 ಸೆಕೆಂಡ್ ಕಾಯುತ್ತದೆ, ಅಷ್ಟರಲ್ಲಿ ಉತ್ತರ ಬರದಿದ್ದರೆ ಕೈಬಿಡುತ್ತದೆ. ಒತ್ತಿದ ಮೇಲೆ ಎಷ್ಟು ಹೊತ್ತಿಗೆ ನಿಲ್ಲುತ್ತೆ ಅಂತ ಕೇಳಿದರೆ, "ಹತ್ತು ಎಣಿಸೋದ್ರೊಳಗೆ" ಅಂದರು. ಹಾಗಿದ್ದರೆ ಅದಲ್ಲ. ಇಷ್ಟು ಸಾಲು ತುಂಬಲು ಮುಕ್ಕಾಲು ಗಂಟೆ ಬೇಕು, ಸೆಷನ್ 20 ನಿಮಿಷಕ್ಕೆ ಸತ್ತಿರಬಹುದು ಅಂದುಕೊಂಡೆ. ಹೊಸದಾಗಿ ಲಾಗಿನ್ ಆಗಿ, ಏನೂ ತುಂಬದೆ ನೇರ ಸೇವ್ ಒತ್ತಿಸಿದೆ. ಮತ್ತೆ 500.

ನನ್ನ ಕಂಪ್ಯೂಟರಿನಲ್ಲಿ ಅವರ ಸಂಘದ ಡೇಟಾ ತಂದು ಅದೇ ಪುಟ ತೆರೆದೆ. 268 ಸಾಲು, ಸೇವ್, ಸರಿಯಾಗಿ ಉಳಿಯಿತು. ಆಫೀಸಿನ ಟೆಸ್ಟ್ ಸರ್ವರ್‌ನಲ್ಲೂ ಸರಿ. ಹೊಟ್ಟೆ ತೊಳಸಿದ ಹಾಗಾಯಿತು. ಕೆಟ್ಟದ್ದು ಕಣ್ಣೆದುರಿಗಿದ್ದರೆ ಕೈ ಹಾಕಬಹುದು. ಕೆಡದೇ ಇದ್ದರೆ ಎಲ್ಲಿಗೆ ಕೈ ಹಾಕೋದು?

ಅವಸರದಲ್ಲಿ ಇನ್ನೊಂದು ಅರ್ಧ ಗಂಟೆ ಕಳೆದೆ. ಸರ್ವರ್‌ಗೆ ಎಷ್ಟು ಸಾಲು ಬಂದು ಮುಟ್ಟುತ್ತಿದೆ ನೋಡೋಣ ಅಂತ ಟೆಸ್ಟ್ ಸರ್ವರ್‌ನ ಕೋಡಿನಲ್ಲಿ ಒಂದು ರೆಸ್ಪಾನ್ಸ್ ಡಾಟ್ ರೈಟ್, ಅಂದರೆ ಉತ್ತರದೊಳಗೆ ನೇರವಾಗಿ ಪದ ಬರೆಯುವ ಆಜ್ಞೆ, ಹಾಕಿದೆ. ತಕ್ಷಣ ಅಲ್ಲೂ ಪುಟ ಕೆಟ್ಟಿತು. ಸಿಕ್ಕಿತು ಅಂದುಕೊಂಡೆ. ಆದರೆ ಈ ದೋಷದ ಹೆಸರೇ ಬೇರೆ, ಪಾರ್ಸರ್ ಎರರ್. ಸರ್ವರ್‌ನಿಂದ ಬಂದದ್ದನ್ನು ಬಿಡಿಸಿ ಓದಲು ಆಗಲಿಲ್ಲ ಅಂತ ಅದರ ಅರ್ಥ. ರೆಸ್ಪಾನ್ಸ್ ಡಾಟ್ ರೈಟ್ ಬಳಸಿದರೆ ಹೀಗಾಗುತ್ತದೆ ಅಂತ ಆ ಸಂದೇಶದಲ್ಲೇ ಬರೆದಿರುತ್ತದೆ.

ಬ್ರೌಸರ್‌ಗೂ ಸರ್ವರ್‌ಗೂ ನಡುವೆ ಓಡಾಡುವುದನ್ನು ತೋರಿಸುವ ಫಿಡ್ಲರ್ ಅನ್ನೋ ಸಾಧನ ತೆರೆದು ಬಂದ ಉತ್ತರವನ್ನೇ ನೋಡಿದೆ. ಭಾಗಶಃ ಅಪ್‌ಡೇಟ್‌ನಲ್ಲಿ ಸರ್ವರ್ ಕಳಿಸುವುದು ಮಾಮೂಲಿ ಎಚ್‌ಟಿಎಂಎಲ್ ಪುಟ ಅಲ್ಲ. ನಡುವೆ ಉದ್ದ ಗೆರೆ ಹಾಕಿ ತುಂಡು ಮಾಡಿದ ಒಂದು ಸಾಲು. 4096|ಅಪ್‌ಡೇಟ್‌ಪ್ಯಾನೆಲ್|ಪಟ್ಟಿ|... ಈ ಥರ. ಮೊದಲು ಉದ್ದ ಎಷ್ಟು, ಆಮೇಲೆ ಯಾವ ಬಗೆ, ಆಮೇಲೆ ಯಾವ ಜಾಗಕ್ಕೆ, ಕೊನೆಗೆ ಒಳಗಿನ ಸರಕು. ಬ್ರೌಸರ್ ಆ ಸಂಖ್ಯೆ ನೋಡಿಕೊಂಡು ಅಷ್ಟೇ ಅಕ್ಷರ ಎಣಿಸಿ ಎತ್ತಿಕೊಳ್ಳುತ್ತದೆ. ನಾನು ಹಾಕಿದ "ಸಾಲು ಬಂತು" ಅನ್ನೋ ಪದ ಎಲ್ಲಕ್ಕಿಂತ ಮುಂದೆ ಹೋಗಿ ಕೂತಿತ್ತು. ಸಂಖ್ಯೆ ಇರಬೇಕಾದ ಜಾಗದಲ್ಲಿ ಮಾತು. ಬ್ರೌಸರ್ ಅಲ್ಲಿಗೇ ಕೈಚೆಲ್ಲಿತು. ಸೆಷನ್ ಮುಗಿದು ಲಾಗಿನ್ ಪುಟವೇ ಉತ್ತರವಾಗಿ ಬಂದರೂ, ನಡುವಿನ ಪ್ರಾಕ್ಸಿ ತನ್ನದೇ ಪುಟ ತುರುಕಿದರೂ ಇದೇ ಪಾರ್ಸರ್ ಎರರ್ ಬರಬಹುದು. ಸೆಕ್ರೆಟರಿ ಅಣ್ಣ ಓದಿದ್ದು ಅದನ್ನಲ್ಲ. ಆ ಸಾಲು ತೆಗೆದೆ.

ಅಷ್ಟರಲ್ಲಿ ಇನ್ನೆರಡು ಸಂಘದಿಂದ ಫೋನ್. ಎರಡೂ ದೊಡ್ಡ ಸಂಘಗಳು. ಸಣ್ಣ ಸಂಘದವರು ಒಬ್ಬರೂ ಫೋನ್ ಮಾಡಿರಲಿಲ್ಲ.

ಪುಟದ ಮೇಲ್ಗಡೆ ಸದಸ್ಯ ಸಂಖ್ಯೆ ಎಲ್ಲಿಂದ ಎಲ್ಲಿವರೆಗೆ ಅಂತ ಎರಡು ಪೆಟ್ಟಿಗೆ ಇದ್ದವು. ಯಾರೂ ಬಳಸುತ್ತಿರಲಿಲ್ಲ. ಮತ್ತೆ ಆ ಅಣ್ಣನಿಗೆ ಫೋನ್ ಮಾಡಿದೆ. "ಅಣ್ಣಾ, 1ರಿಂದ 134ರವರೆಗೆ ಹಾಕಿ ಸೇವ್ ಮಾಡಿ ನೋಡಿ."

"ಆಯ್ತು ಮೇಡಂ! ಸೇವ್ ಆಯ್ತು ಅಂತ ಬಂತು."

ಅವರ ದನಿಯಲ್ಲಿ ಆದ ಬದಲಾವಣೆ ಕೇಳಿ ನನಗೂ ಉಸಿರು ಬಂತು. ಉಳಿದ 134 ಕೂಡ ಸೇವ್ ಆಯಿತು. ಬಟವಾಡೆಗೆ ತೊಂದರೆ ಇಲ್ಲ. ಉಳಿದ ಇಬ್ಬರಿಗೂ ಇದೇ ದಾರಿ ಹೇಳಿದೆ.

ಅಲ್ಲಿಗೆ ಬಿಡಬಹುದಿತ್ತು. ಆದರೆ ಯಾಕೆ ಅಂತ ಗೊತ್ತಾಗದೆ ದಾಟಿದ ತೊಂದರೆ ಮುಂದಿನ ಗುರುವಾರ ಮತ್ತೆ ಬರುತ್ತದೆ ಅಲ್ವಾ? ಇನ್ನೊಂದು ಹತ್ತು ನಿಮಿಷ ಕೊಡಿ ಅಂತ ಕೇಳಿದೆ. "ಕೇಳಿ ಮೇಡಂ, ಸಂಜೆ ಹಾಲಿಗೆ ಇನ್ನೂ ಹೊತ್ತಿದೆ" ಅಂದರು. 200 ಸಾಲು, ಸರಿ. 240, ಸರಿ. 250, ನಿಂತುಹೋಯಿತು.

ಪುಸ್ತಕದಲ್ಲಿ ಬರೆದುಕೊಂಡೆ. ಸಾಲಿಗೆ ನಾಲ್ಕು ಪೆಟ್ಟಿಗೆ. 240ಕ್ಕೆ 960. 250ಕ್ಕೆ 1000. ಅದರ ಜೊತೆ ಪುಟ ತಾನಾಗಿ ಕಳಿಸುವ ವ್ಯೂಸ್ಟೇಟ್ ಥರದ ಕಾಣದ ಪೆಟ್ಟಿಗೆ ಹತ್ತು ಹನ್ನೆರಡು. ಅಂದರೆ 960 ಚಿಲ್ಲರೆ ಹೋಗುತ್ತದೆ, 1000 ಚಿಲ್ಲರೆ ಹೋಗುವುದಿಲ್ಲ. ಮೆಮೊರಿ ಸಾಲದೆ ನಿಲ್ಲುವ ಯಂತ್ರ ಇಷ್ಟು ಸರಿಯಾಗಿ ಸಾವಿರಕ್ಕೆ ನಿಲ್ಲುವುದಿಲ್ಲ. ಇದು ಯಾರೋ ಕೂತು ಯೋಚಿಸಿ ಹಾಕಿದ ಬೇಲಿ.

ಆ ಪುಸ್ತಕದ ಹಾಳೆ ನೋಡುತ್ತಾ ಕೂತಾಗಲೇ ನನಗೆ ಒಂದು ವಿಷಯ ಸರಿಯಾಗಿ ಮನಸ್ಸಿಗಿಳಿದದ್ದು. ಭಾಗಶಃ ಅಪ್‌ಡೇಟ್ ಅಂದರೆ ಎರಡೂ ಕಡೆ ಸ್ವಲ್ಪವೇ ಓಡಾಡುತ್ತದೆ ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಬರೋದು ಮಾತ್ರ ಚೂರು. ಹೋಗುವಾಗ ಆ ಫಾರ್ಮಿನಲ್ಲಿರುವ ಅಷ್ಟೂ ಪೆಟ್ಟಿಗೆ ಹೋಗುತ್ತದೆ. ಪ್ಯಾನೆಲ್ ಒಳಗಿರಲಿ, ಹೊರಗಿರಲಿ. ಖಾಲಿ ಬಿಟ್ಟ ಪೆಟ್ಟಿಗೆ ಕೂಡ ತನ್ನ ಹೆಸರು ಹೊತ್ತುಕೊಂಡು ಹೋಗುತ್ತದೆ.

ಸರ್ವರ್ ನೋಡಿಕೊಳ್ಳುವವರಿಗೆ ಫೋನ್ ಮಾಡಿ, ಈ ವಾರ ಏನಾದರೂ ಬದಲಾಯಿಸಿದ್ದೀರಾ ಅಂತ ಕೇಳಿದೆ. "ಏನಿಲ್ಲ. ಭಾನುವಾರ ರಾತ್ರಿ ವಿಂಡೋಸ್ ಅಪ್‌ಡೇಟ್ ಹಾಕಿದ್ವಿ ಅಷ್ಟೇ" ಅಂದರು. ನಮ್ಮ ಟೆಸ್ಟ್ ಸರ್ವರ್‌ಗೆ ಅದು ಇನ್ನೂ ಹಾಕಿರಲಿಲ್ಲ. ಕೂಡಲೇ ಹಾಕಿಸಿ ರೀಸ್ಟಾರ್ಟ್ ಮಾಡಿದೆ. 268 ಸಾಲು, ಸೇವ್. ನಿಂತಿತು. ಕೊನೆಗೂ ಕೆಟ್ಟದ್ದು ನನ್ನ ಕಣ್ಣೆದುರು.

ಆಮೇಲೆ ಸ್ಕ್ರಿಪ್ಟ್‌ಮ್ಯಾನೇಜರ್‌ನಲ್ಲಿ ಪಾರ್ಶಿಯಲ್ ರೆಂಡರಿಂಗ್ ಅನ್ನೋದನ್ನು ಫಾಲ್ಸ್ ಮಾಡಿದೆ. ಈ ಒಂದು ಕೆಲಸವನ್ನು ಬೆಳಿಗ್ಗೆಯಿಂದಲೇ ನೆನಪಿಟ್ಟುಕೊಳ್ಳಬೇಕಿತ್ತು. ಹೀಗೆ ಮಾಡಿದರೆ ಪುಟ ಹಳೇ ಕಾಲದ ಹಾಗೆ ಪೂರ್ತಿ ಹೋಗಿ ಪೂರ್ತಿ ಬರುತ್ತದೆ, ಸರ್ವರ್ ನುಂಗಿಕೊಂಡಿದ್ದನ್ನು ಹೊರಗೆ ಹಾಕುತ್ತದೆ. ಹಳದಿ ಪಟ್ಟಿಯ ದೋಷದ ಪುಟ ಬಂತು. ವಸ್ತುವಿನ ಈಗಿನ ಸ್ಥಿತಿಯಲ್ಲಿ ಈ ಕೆಲಸ ನಡೆಯದು ಅಂತ ಮೇಲೆ ಒಂದು ಅಸ್ಪಷ್ಟ ವಾಕ್ಯ. ಕೆಳಗೆ ಒಂದು ಉದ್ದ ಹೆಸರು: ಥ್ರೋ ಇಫ್ ಮ್ಯಾಕ್ಸ್ ಎಚ್‌ಟಿಟಿಪಿ ಕಲೆಕ್ಷನ್ ಕೀಸ್ ಎಕ್ಸೀಡೆಡ್. ಬಂದ ಹೆಸರುಗಳು ಮಿತಿ ಮೀರಿದರೆ ದೋಷ ಎಸೆ ಅಂತ ಅದರ ಅರ್ಥ. ಬೇಲಿಯೇ ತನ್ನ ಹೆಸರು ಹೇಳಿತ್ತು. ನಮ್ಮ ಕೋಡಿನ ಒಂದು ಸಾಲೂ ಓಡುವ ಮೊದಲೇ, ಫಾರ್ಮ್ ಬಿಚ್ಚುವ ಹಂತದಲ್ಲೇ ಅದು ವಾಪಸ್ ಕಳಿಸುತ್ತಿತ್ತು.

ಹಿಂದಿನ ಕಥೆ ಓದಿದಾಗ ಸಂಜೆ ನಾಲ್ಕು. 2011ರ ಡಿಸೆಂಬರ್ ಕೊನೆ ವಾರ ಬರ್ಲಿನ್‌ನ ಕೇಯಾಸ್ ಕಮ್ಯುನಿಕೇಷನ್ ಕಾಂಗ್ರೆಸ್ ಅನ್ನೋ ಹ್ಯಾಕರ್‌ಗಳ ಸಮ್ಮೇಳನದಲ್ಲಿ ಅಲೆಕ್ಸಾಂಡರ್ ಕ್ಲಿಂಕ್ ಮತ್ತು ಯೂಲಿಯಾನ್ ವೆಲ್ಡೆ ಎಂಬ ಇಬ್ಬರು ಒಂದು ಅಪಾಯ ತೋರಿಸಿದ್ದರು. ಫಾರ್ಮಿನ ಪೆಟ್ಟಿಗೆಗಳ ಹೆಸರನ್ನು ಸರ್ವರ್ ಒಂದು ಹ್ಯಾಶ್ ಟೇಬಲ್‌ನಲ್ಲಿ ಇಟ್ಟುಕೊಳ್ಳುತ್ತದೆ. ಡೈರಿಯಲ್ಲಿ ಸದಸ್ಯರ ಕಾರ್ಡುಗಳನ್ನು ಬೇರೆ ಬೇರೆ ಗೂಡಿನಲ್ಲಿ ಹಂಚಿ ಇಟ್ಟ ಹಾಗೆ. ಬೇಕಾದ ಕಾರ್ಡು ಥಟ್ಟನೆ ಸಿಗಲಿ ಅಂತ. ಆದರೆ ಎಲ್ಲ ಒಂದೇ ಗೂಡಿಗೆ ಬೀಳುವಂಥ ಹೆಸರುಗಳನ್ನೇ ಆರಿಸಿ ಯಾರಾದರೂ ಸಾವಿರಾರು ಕಳಿಸಿದರೆ? ಪ್ರತಿ ಹೊಸ ಕಾರ್ಡು ಇಡುವಾಗಲೂ ಅಲ್ಲಿರುವ ಅಷ್ಟನ್ನೂ ತಿರುವಿ ನೋಡಬೇಕು. ಹೆಸರು ಹತ್ತು ಪಟ್ಟಾದರೆ ಕೆಲಸ ನೂರು ಪಟ್ಟು. ಸರ್ವರ್ ಅದರಲ್ಲೇ ಮುಳುಗಿ ಬೇರೆಯವರಿಗೆ ಉತ್ತರ ಕೊಡುವುದಿಲ್ಲ. ಪಿಎಚ್‌ಪಿ, ಜಾವಾ, ಪೈಥಾನ್ ಯಾವ ಪ್ರೋಗ್ರಾಮಿಂಗ್ ಭಾಷೆಗೂ ಇದು ತಪ್ಪಿರಲಿಲ್ಲ. ಆದರೆ ಪರ್ಲ್ ಭಾಷೆಯವರು 2003ರಲ್ಲೇ ಸರಿಮಾಡಿಕೊಂಡಿದ್ದರು. ಡಿಸೆಂಬರ್ 29ರಂದು ಮೈಕ್ರೋಸಾಫ್ಟ್ ತುರ್ತಾಗಿ ಬಿಟ್ಟ ಎಂಎಸ್11-100 ಅಪ್‌ಡೇಟ್, ಒಂದು ಫಾರ್ಮಿಗೆ 1000 ಹೆಸರು ಸಾಕು ಅಂತ ಮಿತಿ ಹಾಕಿತು.

ಓದಿದ ಮೇಲೆ ಆ ಅಪ್‌ಡೇಟ್ ಮೇಲೆ ನನಗೆ ಸಿಟ್ಟು ಉಳಿಯಲಿಲ್ಲ. ಅದು ಮಾಡಬೇಕಾದದ್ದನ್ನೇ ಮಾಡಿತ್ತು. ಸಾವಿರ ಪೆಟ್ಟಿಗೆಯ ಪುಟ ಬರೆದದ್ದು ನಾನು. ತಪ್ಪಾದಾಗ ತುಟಿ ಬಿಚ್ಚದ ಹಾಗೆ ಅದನ್ನು ಬಿಟ್ಟದ್ದೂ ನಾನು.

ನಮ್ಮಲ್ಲಿ ಅತಿ ದೊಡ್ಡ ಸಂಘದಲ್ಲಿ 600ರ ಹತ್ತಿರ ಸದಸ್ಯರಿದ್ದರು. ನಾಲ್ಕರಿಂದ ಗುಣಿಸಿದರೆ 2400. ಅಪ್ಲಿಕೇಷನ್ನಿನ ಸೆಟ್ಟಿಂಗ್ ಇರುವ ವೆಬ್ ಡಾಟ್ ಕಾನ್ಫಿಗ್ ಫೈಲ್‌ನಲ್ಲಿ ಮಿತಿಯನ್ನು 3000ಕ್ಕೆ ಏರಿಸುವ ಒಂದು ಸಾಲು ಬರೆದೆ. ಕೆಲವರು ಇಂಥ ಕಡೆ ಲಕ್ಷ ಅಂತ ಹಾಕಿಬಿಡುತ್ತಾರೆ. ಹಾಗೆ ಹಾಕುವುದೂ ಬೇಲಿ ಕೀಳುವುದೂ ಒಂದೇ. ಆ ಫೈಲ್ ಬದಲಾದರೆ ಅಪ್ಲಿಕೇಷನ್ ಮತ್ತೆ ಶುರುವಾಗುತ್ತದೆ, ಕೆಲಸದಲ್ಲಿದ್ದವರ ಸೆಷನ್ ಹೋಗುತ್ತದೆ. ಅದಕ್ಕೆ ರಾತ್ರಿ ಎಂಟರವರೆಗೆ ಕಾದು, ಎಲ್ಲರೂ ಮುಗಿಸಿದ್ದಾರೆ ಅಂತ ನೋಡಿಕೊಂಡು ಹಾಕಿಸಿದೆ.

ಮುಂದಿನ ವಾರ ಪುಟವನ್ನೇ ತಿದ್ದಿದೆ. ಪೇಜ್ ರಿಕ್ವೆಸ್ಟ್ ಮ್ಯಾನೇಜರ್‌ಗೆ ಎಂಡ್ ರಿಕ್ವೆಸ್ಟ್ ಅಂತ ಒಂದು ಘಟನೆ ಇದೆ, ಪ್ರತಿ ಭಾಗಶಃ ಅಪ್‌ಡೇಟ್ ಮುಗಿದಾಗ ಅದು ನಡೆಯುತ್ತದೆ. ಅಲ್ಲಿ ದೋಷ ಇದೆಯಾ ನೋಡಿ, ಇದ್ದರೆ ಪುಟದ ಮೇಲೆ ಕೆಂಪಗೆ ಬರೆಯುವ ಹಾಗೆ ಮಾಡಿದೆ: "ಸೇವ್ ಆಗಲಿಲ್ಲ. ನೀವು ತುಂಬಿದ್ದು ಇಲ್ಲೇ ಇದೆ. ಈ ಸಂಖ್ಯೆ ಹೇಳಿ ಫೋನ್ ಮಾಡಿ." ಪಕ್ಕದಲ್ಲಿ ಸ್ಟೇಟಸ್ ಕೋಡ್. ಹತ್ತು ಸಾಲು ಕೋಡಷ್ಟೇ. ಇನ್ನು ಯಾರೂ ಹಳದಿ ತ್ರಿಕೋನ ಹುಡುಕಿ ಒಂದೊಂದೇ ಅಕ್ಷರ ಕೂಡಿಸಿ ಓದಬೇಕಾಗಿಲ್ಲ. ಪಟ್ಟಿಯನ್ನು ನೂರು ನೂರು ಸಾಲಿನ ಹಾಳೆ ಮಾಡಿದೆ. ಸದಸ್ಯರ ಗುರುತಿನ ಪೆಟ್ಟಿಗೆ ಸಾಲಿನಿಂದ ತೆಗೆದೆ.

ಬದಲಾದ ಪುಟ ತೋರಿಸೋಣ ಅಂತ ಮತ್ತೆ ಆ ಸೆಕ್ರೆಟರಿ ಅಣ್ಣನಿಗೇ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, "ಮೇಡಂ, ಅವತ್ತು ಸಾವಿರದ ಲೆಕ್ಕ ಹೇಳಿದ್ರಲ್ಲ" ಅಂದರು. "ಪಕ್ಕದ ಹಟ್ಟಿಯಿಂದ ಹದಿನೆಂಟು ಜನ ಹೆಣ್ಮಕ್ಳು ನಮ್ಮ ಡೈರಿಗೆ ಹಾಲು ಹಾಕ್ತೀವಿ ಅಂತ ಬಂದವ್ರೆ. ಕಂಪ್ಯೂಟರಿಗೆ ಆಗಲ್ವೇನೋ ಅಂತ ನಾನು ಇನ್ನೂ ಸೇರಿಸ್ಕೊಂಡಿಲ್ಲ. ಸೇರಿಸ್ಕೋಬೋದಾ?"

"ಇವತ್ತೇ ಸೇರಿಸ್ಕೊಳ್ಳಿ ಅಣ್ಣಾ" ಅಂದೆ.