ಅಮೆರಿಕಕ್ಕೆ ಹೊರಟ ಮಕ್ಕಳಿಗೆ ಯಾವ ಕಾರ್ಡ್?

ತೀರ್ಥಹಳ್ಳಿಯ ಚಿಕ್ಕಪ್ಪನ ಮಗಳು ಓದಲು ಅಮೆರಿಕಕ್ಕೆ ಬರುತ್ತಿದ್ದಾಳೆ. "ಖಾತೆಗೆ ದುಡ್ಡು ಹಾಕಿ ಡೆಬಿಟ್ ಕಾರ್ಡ್ ಕೊಟ್ಟರೆ ಸಾಕಲ್ವಾ? ಸಾಲದ ಕಾರ್ಡ್ ಎಂತಕ್ಕೆ ಮಾರಾಯ?" ಅಂತ ಚಿಕ್ಕಪ್ಪ ಕೇಳಿದರು. ಮಕ್ಕಳನ್ನು ಕಳಿಸುವ ಎಲ್ಲ ಮನೆಯವರಿಗೂ ಇದು ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಡೆಬಿಟ್ ಕಾರ್ಡ್ ಅಂದರೆ ಅಡಿಕೆ ಮಾರಿ ಬಂದ ನಮ್ಮದೇ ದುಡ್ಡು. ಕ್ರೆಡಿಟ್ ಕಾರ್ಡ್ ಅಂದರೆ ಮಂಡಿಯವರು ಕೊಡುವ ಮುಂಗಡ. ತಿಂಗಳ ಬಿಲ್ಲನ್ನು ಗಡುವಿನೊಳಗೆ ಪೂರ್ತಿ ಕಟ್ಟಿದರೆ ಬಡ್ಡಿ ಇಲ್ಲ. ಬಾಕಿ ಉಳಿಸಿಕೊಂಡರೆ ವರ್ಷಕ್ಕೆ ಶೇ. 20ಕ್ಕಿಂತ ಜಾಸ್ತಿ ಬಡ್ಡಿ ಬೀಳುವುದು ಇಲ್ಲಿ ಮಾಮೂಲು. ಚಿಕ್ಕಪ್ಪನ ಹೆದರಿಕೆ ಸುಮ್ನೆ ಅಲ್ಲ.

ಆದರೂ ದಿನದ ಖರ್ಚಿಗೆ ಕ್ರೆಡಿಟ್ ಕಾರ್ಡೇ ಇರಲಿ ಅಂತ ನಾನು ಹೇಳುತ್ತೇನೆ. ಊರಲ್ಲಿ ಆನ್‌ಲೈನ್‌ನಲ್ಲಿ ಏನಾದರೂ ಕೊಂಡರೆ ಮೊಬೈಲಿಗೆ ಓಟಿಪಿ ಬರುತ್ತದೆ. ಇಲ್ಲಿ ಹೆಚ್ಚಿನ ಕಡೆ ಅದಿಲ್ಲ. ಕಾರ್ಡಿನ ವಿವರ ಕಳ್ಳನಿಗೆ ಸಿಕ್ಕರೆ ಮುಗಿಯಿತು. ಕ್ರೆಡಿಟ್ ಕಾರ್ಡಿನಲ್ಲಿ ಹಾಗಾದರೆ ಇಲ್ಲಿನ ಕಾನೂನಿನ ಪ್ರಕಾರ ನಮ್ಮ ಹೊಣೆ ಹೆಚ್ಚೆಂದರೆ 50 ಡಾಲರ್. ಡೆಬಿಟ್ ಕಾರ್ಡ್ ಕಳೆದರೆ, ಗೊತ್ತಾದ 2 ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಬೇಕು. ತಡವಾದರೆ ಹೊಣೆ 500 ಡಾಲರ್‌ವರೆಗೂ ಏರುತ್ತದೆ. ಸ್ಟೇಟ್‌ಮೆಂಟ್ ಕಳಿಸಿ 60 ದಿನವಾದರೂ ಸುಮ್ಮನಿದ್ದರೆ, ಆಮೇಲೆ ಹೋದದ್ದೆಲ್ಲ ನಮ್ಮ ಮೇಲೇ ಬೀಳಬಹುದು. ಅದಕ್ಕಿಂತ ದೊಡ್ಡ ಕಷ್ಟ ಅಂದರೆ, ಡೆಬಿಟ್ ಆದರೆ ಹೋಗುವುದು ಖಾತೆಯ ದುಡ್ಡು. ಬ್ಯಾಂಕ್ ವಿಚಾರಿಸಿ ವಾಪಸ್ ಹಾಕುವವರೆಗೆ ಮನೆ ಬಾಡಿಗೆಗೆ ಏನು ಮಾಡುವುದು?

ಪೆಟ್ರೋಲ್ ಬಂಕ್ ನೋಡಿ. ಇಲ್ಲಿ ಹೆಚ್ಚಿನ ಕಡೆ ನಾವೇ ಹಾಕಿಕೊಳ್ಳಬೇಕು. ಮೊದಲು ಕಾರ್ಡ್ ತೂರಿಸಬೇಕು, ಅಂಚೆ ಪಿನ್‌ಕೋಡ್ ಒತ್ತಬೇಕು, ಆಮೇಲೆ ಪೈಪ್. ಎಷ್ಟು ಹಾಕುತ್ತೇವೋ ಯಂತ್ರಕ್ಕೆ ಗೊತ್ತಿಲ್ಲ. ಹಾಗಾಗಿ ಕೆಲವು ಬಂಕುಗಳು ಕಾರ್ಡಿನಲ್ಲಿ 100 ಡಾಲರ್‌ಗೂ ಜಾಸ್ತಿ ಮೊದಲೇ ತಡೆಹಿಡಿಯುತ್ತವೆ. 30 ಡಾಲರ್‌ನ ಪೆಟ್ರೋಲ್ ಹಾಕಿದರೂ ಉಳಿದದ್ದು ಬಿಡುಗಡೆ ಆಗಲು ಕೆಲವೊಮ್ಮೆ ಒಂದೆರಡು ದಿನ ಬೇಕು. ಡೆಬಿಟ್ ಕಾರ್ಡ್ ಹಾಕಿದ್ದರೆ, ಖಾತೆಯಲ್ಲಿ ಸ್ವಲ್ಪವೇ ದುಡ್ಡಿರುವ ಹುಡುಗಿಗೆ ಇದು ಸಣ್ಣ ಮಾತಲ್ಲ. ಹೋಟೆಲ್ ರೂಮು, ಬಾಡಿಗೆ ಕಾರಿಗೂ ಇದೇ ಕಥೆ.

ಇನ್ನೊಂದು, ಡೆಬಿಟ್ ಕಾರ್ಡ್ ಎಷ್ಟು ಬಳಸಿದರೂ ಕ್ರೆಡಿಟ್ ಸ್ಕೋರ್, ಅಂದರೆ ಸಾಲ ಸರಿಯಾಗಿ ತೀರಿಸುವವರೋ ಅಂತ ತೋರಿಸುವ ಅಂಕ, ಬೆಳೆಯುವುದಿಲ್ಲ. ಮನೆ ಕೊಡುವವರೂ ಇಲ್ಲಿ ಅದನ್ನು ನೋಡುತ್ತಾರೆ. ಹೊಸದಾಗಿ ಬಂದವರಿಗೆ ಠೇವಣಿ ಇಟ್ಟುಕೊಂಡು ಕೊಡುವ ಸೆಕ್ಯೂರ್ಡ್ ಕಾರ್ಡ್ ಇದೆ. ಸಾಮಾನ್ಯವಾಗಿ ಇಟ್ಟ ಠೇವಣಿಯಷ್ಟೇ ಮಿತಿ. ಬಿಲ್ಲು ಪೂರ್ತಿ ತಾನಾಗಿ ಕಟ್ಟಿಹೋಗುವಂತೆ ಮೊದಲ ದಿನವೇ ಮಾಡಿಟ್ಟುಕೊಳ್ಳಿ.

ಡೆಬಿಟ್ ಕಾರ್ಡ್ ಎಟಿಎಂಗೆ ಇರಲಿ. ಅಲ್ಲಿ ಮಾತ್ರ ಕ್ರೆಡಿಟ್ ಕಾರ್ಡ್ ಹಾಕಲೇಬೇಡಿ. ನಗದು ತೆಗೆದರೆ ಶುಲ್ಕವೂ ಬೀಳುತ್ತದೆ, ಸಾಮಾನ್ಯವಾಗಿ ಆ ದಿನದಿಂದಲೇ ಬಡ್ಡಿಯೂ ಶುರು.